ಸೊಂಟದ ಕೀಲಿನ ಬಗ್ಗೆ ಫಿಸಿಕ್ಸ್, ಮ್ಯಾನುಫ್ಯಾಕ್ಚರಿಂಗ್, ಮೆಡಿಕಲ್ ಪೇಪರ್‌ಗಳು ಒಂದೊಂದು ಥರ ಹೇಳಿದರೆ ಯಾವುದನ್ನು ನಂಬೋದು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಅಮ್ಮನಿಗೆ ಸೊಂಟದ ಕೀಲು ಬದಲಿಸಬೇಕು ಅಂದಿದ್ದಾರೆ. ನೀವು ಮೆಕ್ಯಾನಿಕಲ್ ಡಿಪ್ಲೊಮಾ ಓದಿದವರು, ಹಾಗಾಗಿ ಸಂಶೋಧನಾ ಪೇಪರ್‌ಗಳನ್ನೇ ಹುಡುಕಿ ಓದಿದ್ದೀರಿ. ಘರ್ಷಣೆ ಬಗ್ಗೆ ಬರೆದವರು ಸವೆತ ಇಲ್ಲವೇ ಇಲ್ಲ ಅನ್ನೋ ಹಾಗೆ ಬರೆದಿದ್ದಾರೆ, ತಯಾರಿಕೆಯವರು ಕನ್ನಡಿಯಂಥ ಫಿನಿಶ್ ತೋರಿಸಿದ್ದಾರೆ, ಡಾಕ್ಟರುಗಳ ಪೇಪರಲ್ಲಿ ನೋಡಿದರೆ ಇಷ್ಟು ಜನಕ್ಕೆ ಮತ್ತೆ ಆಪರೇಷನ್ ಆಯ್ತು ಅಂತಿದೆ. ಇವರಲ್ಲಿ ಸುಳ್ಳು ಹೇಳ್ತಿರೋರು ಯಾರು ಅಂತ ಕೇಳಿದ್ದೀರಿ.

ಯಾರೂ ಅಲ್ಲ. ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರಲ್ಲ. ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಸಣ್ಣ ಮೆಷಿನ್ ಶಾಪಿನ ಕ್ವಾಲಿಟಿ ನೋಡ್ಕೊಳ್ಳೋನು. ಎಂಟು ವರ್ಷದ ಹಿಂದೆ ನಮ್ಮಪ್ಪನಿಗೂ ಇದೇ ಆಪರೇಷನ್ ಆಯ್ತು. ಆಗ ನಾನೂ ನಿಮ್ಮ ಹಾಗೇ ರಾತ್ರಿಯೆಲ್ಲ ಪಿಡಿಎಫ್ ಓದಿ ತಲೆ ಕೆಡಿಸಿಕೊಂಡಿದ್ದೆ. ಅದರಿಂದ ಉಳಿದ ಅಭ್ಯಾಸ ಒಂದೇ: ಪೇಪರ್ ತೆರೆದ ತಕ್ಷಣ ಕೊನೇ ಪುಟದ ತೀರ್ಮಾನಕ್ಕೆ ಹೋಗಲ್ಲ, ಇವರು ಎಷ್ಟು ಹೊತ್ತು ನೋಡಿದ್ದಾರೆ ಅಂತ ಹುಡುಕ್ತೀನಿ.

ಇದಕ್ಕೆ ಜಾನ್ ಚಾರ್ನ್ಲಿ ಅನ್ನೋ ಇಂಗ್ಲೆಂಡಿನ ಮೂಳೆ ಡಾಕ್ಟರ ಕಥೆ ಕೇಳಿ. ಅವರ ಹತ್ತಿರ ಒಬ್ಬ ಪೇಷಂಟ್ ಬಂದಿದ್ದ, ಸೊಂಟಕ್ಕೆ ಅಕ್ರಿಲಿಕ್ ಅನ್ನೋ ಪ್ಲಾಸ್ಟಿಕ್ಕಿನ ಗುಂಡು ಹಾಕಿಸಿಕೊಂಡಿದ್ದವನು. (ಸೊಂಟದ ಕೀಲು ಅಂದರೆ ತೊಡೆಮೂಳೆಯ ತುದಿಯಲ್ಲೊಂದು ಗುಂಡು, ಅದು ತಿರುಗೋಕೆ ಒಂದು ಬಟ್ಟಲು.) ಮುಂದಕ್ಕೆ ಬಗ್ಗಿದರೆ ಸಾಕು, ಕೀಲು ಕಿರ್ ಅಂತಿತ್ತಂತೆ. ಆ ಸದ್ದು ತಡೆಯಲಾರದೆ ಹೆಂಡತಿ ಎದ್ದು ಆಚೆ ಹೋಗಿಬಿಡ್ತಿದ್ದಳಂತೆ. ಕೀಲೆಣ್ಣೆ ಒಣಗಿದ ಗಾಡಿ ಯಾಕೆ ಕಿರುಗುಟ್ಟುತ್ತೆ ಅಂತ ನಮ್ಮ ಮಂಡ್ಯದ ಕಡೆ ಯಾರನ್ನು ಕೇಳಿದರೂ ಹೇಳ್ತಾರೆ. ಆದರೆ ಒಬ್ಬ ಸರ್ಜನ್ ಆ ಸದ್ದನ್ನ ಗಾಡಿಯವನ ಕಿವಿಯಿಂದ ಕೇಳಿಸಿಕೊಂಡರು ನೋಡಿ, ಅದು ದೊಡ್ಡದು. ಘರ್ಷಣೆಯ ಲೆಕ್ಕಕ್ಕೆ ಕೂತರು. ಗುಂಡು ಸಣ್ಣದಾದಷ್ಟೂ ಬಟ್ಟಲನ್ನ ಸಡಿಲಿಸೋ ತಿರುಚುಬಲ ಕಡಿಮೆ ಅಂತ ಸಿಕ್ಕಿತು. 40 ಮಿ.ಮೀ. ದಾಟಿದ್ದ ಗುಂಡನ್ನ ಇಳಿಸುತ್ತ ಇಳಿಸುತ್ತ 22.225 ಮಿ.ಮೀ.ಗೆ ತಂದರು. ಆ ಮೂರು ದಶಮಾಂಶ ನೋಡಿದಾಗ ನನಗೆ ನಗು ಬಂತು. ಅದು 7/8 ಇಂಚು, ಲೇತ್ ಮುಂದೆ ನಿಂತವರ ಅಳತೆ!

ಬಟ್ಟಲಿಗೆ ಆರಿಸಿದ್ದು ಟೆಫ್ಲಾನ್. ಅದಕ್ಕಿಂತ ಜಾರೋ ಪ್ಲಾಸ್ಟಿಕ್ ಆಗ ಎಲ್ಲಿತ್ತು? 1961ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಪೇಪರ್ ಬಂತು. ಫಿಸಿಕ್ಸ್ ಸರಿಯಿತ್ತು. ಪೇಷಂಟ್‌ಗಳು ನೋವಿಲ್ಲದೆ ನಡೆಯುತ್ತಿದ್ದದ್ದೂ ನಿಜ. ಆದರೆ ಎರಡು ಮೂರು ವರ್ಷ ಕಳೆಯೋದರಲ್ಲಿ ಬಟ್ಟಲುಗಳು ತೂತು ಬೀಳುವ ಹಾಗೆ ಸವೆದವು, ಉದುರಿದ ಪುಡಿಗೆ ಸುತ್ತಲ ಮಾಂಸ ಊದಿಕೊಂಡಿತು. ಸುಮಾರು 300 ಜನಕ್ಕೆ ಅದನ್ನ ಹಾಕಿಯಾಗಿತ್ತು. ಜಾರೋದು ಬೇರೆ, ಸವೆಯೋದು ಬೇರೆ. ಪೇಪರ್ ಬರೆದಾಗ ಅದು ಕಾಣೋಷ್ಟು ಕಾಲ ಕಳೆದಿರಲಿಲ್ಲ, ಅಷ್ಟೇ.

ನನಗೆ ತುಂಬ ಇಷ್ಟವಾದ್ದು ಮುಂದಿನ ಭಾಗ. 1962ರಲ್ಲಿ ಒಬ್ಬ ಸೇಲ್ಸ್‌ಮನ್ ಒಂದು ಗಟ್ಟಿ ಪಾಲಿಥೀನ್ ತುಂಡು ಹಿಡಕೊಂಡು ಆಸ್ಪತ್ರೆಗೆ ಬಂದ. ಲ್ಯಾಂಕಶೈರಿನ ನೇಯ್ಗೆ ಮಗ್ಗಗಳ ಗೇರಿಗೆ ಬಳಸುತ್ತಿದ್ದ ಮಾಲು. ಚಾರ್ನ್ಲಿ ಉಗುರಿಂದ ಕೆರೆದು ನೋಡಿ ಬೇಡ ಅಂದರು. ಅವರ ವರ್ಕ್‌ಶಾಪ್ ನೋಡಿಕೊಳ್ಳುತ್ತಿದ್ದ ಹ್ಯಾರಿ ಕ್ರೇವನ್ ಮಾತ್ರ ಸಾಹೇಬರು ಊರಲ್ಲಿಲ್ಲದಾಗ ಅದನ್ನ ಸವೆತದ ಮೆಷಿನ್‌ಗೆ ಹಾಕಿ ಹಗಲೂ ರಾತ್ರಿ ಓಡಿಸಿದ. ಮೂರು ವಾರ ಓಡಿದರೂ ಟೆಫ್ಲಾನ್ ಒಂದು ದಿನದಲ್ಲಿ ಸವೆಯೋಷ್ಟು ಅದು ಸವೆದಿರಲಿಲ್ಲ. ಇವತ್ತಿಗೂ ಹಾಕುವ ಬಹುಪಾಲು ಬಟ್ಟಲು ಅದೇ ವಂಶದ್ದು. ಚಾರ್ನ್ಲಿಗೆ ಬುದ್ಧಿ ಬಂದಿತ್ತು: ತಮ್ಮ ಹತ್ತಿರ ಕಲಿತ ಸರ್ಜನ್‌ಗಳಿಗೆ ಬಿಟ್ಟು ಬೇರೆಯವರಿಗೆ ಆ ಕೀಲನ್ನ ವರ್ಷಗಟ್ಟಲೆ ಮಾರಲು ಬಿಡಲಿಲ್ಲ.

ಈಗ ನಿಮ್ಮ ಪೇಪರ್‌ಗಳಿಗೆ ಬನ್ನಿ. ಸವೆತದ ಪೇಪರ್ ತೆಗೆದರೆ ಐಎಸ್‌ಒ 14242 ಅನ್ನೋ ನಂಬರ್ ಸಾಮಾನ್ಯವಾಗಿ ಕಾಣುತ್ತೆ, ಕೃತಕ ಸೊಂಟದ ಕೀಲಿನ ಸವೆತ ಪರೀಕ್ಷೆಗೆ ಇರೋ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಅದು. ಕರುವಿನ ರಕ್ತದ ಸೀರಮ್‌ನಲ್ಲಿ ಮುಳುಗಿಸಿ, ಸೆಕೆಂಡಿಗೊಂದು ಹೆಜ್ಜೆಯಂತೆ 50 ಲಕ್ಷ ಸುತ್ತು. ಕ್ಯಾಲ್ಕುಲೇಟರ್ ಒತ್ತಿ: ನಿಲ್ಲಿಸದೆ ಓಡಿಸಿದರೆ 58 ದಿನ. ಒಬ್ಬ ಮನುಷ್ಯನ ವರ್ಷಕ್ಕೆ 10 ಲಕ್ಷ ಸುತ್ತು ಅಂತ ಹಿಡಿದರೆ ಐದು ವರ್ಷದ ನಡಿಗೆ. ನಡಿಗೆ ಅನ್ನೋದಕ್ಕೆ ಅಡಿಗೆರೆ ಹಾಕಿಕೊಳ್ಳಿ. ಆ ಮೆಷಿನ್ ಚಕ್ಕಳಮಕ್ಕಳ ಹಾಕಿ ಕೂರಲ್ಲ, ನೆಲದ ಮೇಲೆ ಕೂತು ಈಳಿಗೆಮಣೆಯಲ್ಲಿ ತರಕಾರಿ ಹೆಚ್ಚಲ್ಲ, ಇಂಡಿಯನ್ ಕಕ್ಕಸಿಗೆ ಹೋಗಲ್ಲ.

ತಯಾರಿಕೆಯ ಪೇಪರ್‌ಗಳು ನೋಡೋ ಹೊತ್ತು ಇನ್ನೂ ಕಡಿಮೆ. ಲೋಹದ ಗುಂಡಿನ ಒರಟುತನ 0.05 ಮೈಕ್ರಾನ್ ಮೀರಬಾರದು ಅಂತ ಸ್ಟ್ಯಾಂಡರ್ಡ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ನಮ್ಮ ಶಾಪಿನಲ್ಲಿ ಗ್ರೈಂಡಿಂಗ್ ಮುಗಿಸಿ 0.4 ಬಂದರೆ ಟೀ ತರಿಸ್ತೀವಿ! ಆದರೆ ಅಳೆದದ್ದು ಹೊಸ ಗುಂಡನ್ನ. ಒಳಗೆ, ಕೀಲನ್ನ ಮೂಳೆಗೆ ಕೂರಿಸೋ ಸಿಮೆಂಟಿನ ಒಂದು ಹರಳು ಸಿಕ್ಕಿಕೊಂಡು ಗೀರು ಬಿದ್ದ ಮೇಲಿನ ಅಳತೆ ಅಲ್ಲ. ಈ ಥರದ ಪೇಪರ್ ನಂಬಿ ನಾನೇ ಒಂದು ಸಲ ಕೈ ಸುಟ್ಟುಕೊಂಡಿದ್ದೀನಿ. ಟೈಟಾನಿಯಂ ಜಾಬಿಗೆ ಅದರಲ್ಲಿದ್ದ ಸ್ಪೀಡೇ ಇಟ್ಟೆ, ನಾಲ್ಕನೇ ಪೀಸಿಗೆ ಲೋಹ ಕತ್ತರಿಸೋ ಇನ್ಸರ್ಟ್ ತುದಿ ಹೋಯ್ತು. ಟೈಟಾನಿಯಂ ಮಿಶ್ರಲೋಹ ಸಾಧಾರಣ ಉಕ್ಕಿನ ಏಳನೇ ಒಂದು ಪಾಲಿನಷ್ಟು ಮಾತ್ರ ಶಾಖ ಹರಿಸುತ್ತೆ, ಕಾವೆಲ್ಲ ಟೂಲಿನ ತುದಿಯಲ್ಲೇ ಕೂರುತ್ತೆ. ಮತ್ತೆ ಓದಿದರೆ, ಅವರು ಪ್ರತಿ ರೀಡಿಂಗ್‌ಗೂ ಹೊಸ ಅಂಚು ತಗೊಂಡಿದ್ದಾರೆ. ಬರೆದೇ ಇದ್ದಾರೆ, ನಾನು ಓದಿರಲಿಲ್ಲ.

ಮೆಡಿಕಲ್ ಪೇಪರ್ ನೋಡೋದು ವರ್ಷಗಟ್ಟಲೆ, ಅದಕ್ಕೇ ಅಲ್ಲಿ ಕೆಟ್ಟ ಸುದ್ದಿ ಜಾಸ್ತಿ. ಲೋಹಕ್ಕೆ ಲೋಹ ಉಜ್ಜುವ ದೊಡ್ಡ ಗುಂಡಿನ ಕೀಲುಗಳು ಲ್ಯಾಬಿನ ಮೆಷಿನ್ ಮೇಲೆ ಸೊಗಸಾಗಿ ಓಡಿದ್ದವು. ಒಳಗೆ ಬಟ್ಟಲು ಸ್ವಲ್ಪ ಕಡಿದಾಗಿ ಕೂತರೆ ಗುಂಡು ಅಂಚಿಗೆ ಉಜ್ಜಿ, ಆ ಲೋಹದಲ್ಲಿದ್ದ ಕೋಬಾಲ್ಟ್ ರಕ್ತಕ್ಕೆ ಸೇರತೊಡಗಿತು. ಬ್ರಿಟನ್, ಆಸ್ಟ್ರೇಲಿಯಾದಲ್ಲಿ ಹಾಕಿದ ಕೀಲುಗಳನ್ನೆಲ್ಲ ರಿಜಿಸ್ಟರ್‌ನಲ್ಲಿ ಬರೆದಿಡ್ತಾರಲ್ಲ, ಅಲ್ಲಿ ಇದು ಎದ್ದು ಕಂಡಿತು. 2010ರಲ್ಲಿ ಒಂದು ಬ್ರಾಂಡನ್ನ ಲೋಕದಾದ್ಯಂತ ವಾಪಸ್ ತಗೊಂಡರು.

ಹಾಗಂತ ಹೆದರಬೇಡಿ. 2019ರಲ್ಲಿ ಲ್ಯಾನ್ಸೆಟ್‌ನಲ್ಲೇ ಬಂದ ಲೆಕ್ಕದ ಪ್ರಕಾರ ಸೊಂಟದ ಕೀಲುಗಳಲ್ಲಿ 15 ವರ್ಷಕ್ಕೆ 100ರಲ್ಲಿ ಸುಮಾರು 89, 25 ವರ್ಷಕ್ಕೆ ಸುಮಾರು 58 ಉಳಿದಿರುತ್ತವೆ. ಇಲ್ಲೂ ಒಂದು ಗಂಟು ಇದೆ: 25 ವರ್ಷದ ಫಲಿತಾಂಶ ಬೇಕಾದರೆ 25 ವರ್ಷ ಹಳೇ ಮಾಲನ್ನೇ ನೋಡಬೇಕು. ಈಗ ಹಾಕೋ ಕ್ರಾಸ್‌ಲಿಂಕ್ ಮಾಡಿದ (ಅಣುಗಳ ಎಳೆಗಳನ್ನ ಒಂದಕ್ಕೊಂದು ಬೆಸೆದ) ಪಾಲಿಥೀನ್ ಬಳಕೆಗೆ ಬಂದದ್ದೇ 1990ರ ದಶಕದ ಕೊನೆಗೆ. ‘ಎಲ್ಲಕ್ಕಿಂತ ಹೊಸದು ಹಾಕ್ತೀವಿ’ ಅಂತ ಯಾರಾದರೂ ಅಂದರೆ, ಅದನ್ನ ಅತಿ ಕಡಿಮೆ ಕಾಲ ನೋಡಿದ್ದಾರೆ ಅಂತಲೂ ಅರ್ಥ. ನನಗಾದರೆ ಹತ್ತು ವರ್ಷ ಹಳೇ ಡಿಸೈನೇ ಸಾಕು.

ಡಾಕ್ಟರ ಮುಂದೆ ಪೇಪರ್ ಕಟ್ಟು ಬಿಚ್ಚಬೇಡಿ, ಪಾಪ, ಹೊರಗೆ ಅರವತ್ತು ಜನ ಕಾಯ್ತಿರ್ತಾರೆ. ಯಾವ ಡಿಸೈನ್, ಎಷ್ಟು ವರ್ಷದಿಂದ ಹಾಕ್ತಿದ್ದೀರಿ, ರಿಜಿಸ್ಟರ್‌ಗಳಲ್ಲಿ ಇದಕ್ಕೆ ಹತ್ತು ವರ್ಷದ ಲೆಕ್ಕ ಇದೆಯಾ, ಅಮ್ಮ ನೆಲದ ಮೇಲೆ ಕೂರಬಹುದಾ ಅಂತ ಕೇಳಿ. ಆಮೇಲೆ ಡಿಸ್ಚಾರ್ಜ್ ದಿನ ಮರೀದೆ ಇಂಪ್ಲಾಂಟ್ ಸ್ಟಿಕ್ಕರ್ ಕೇಳಿ ಇಸಕೊಳ್ಳಿ. ಡಬ್ಬಿ ಮೇಲಿರುತ್ತೆ, ಅಳತೆ, ಲಾಟ್ ನಂಬರ್ ಎಲ್ಲ ಅದರಲ್ಲೇ. ನಾಳೆ ಯಾವುದೋ ಲಾಟ್ ವಾಪಸ್ ಅಂತ ಸುದ್ದಿ ಬಂದರೆ ನಿಮ್ಮ ಕೈಲಿರೋ ದಾಖಲೆ ಅದೊಂದೇ. ನಮ್ಮಪ್ಪನ ಸ್ಟಿಕ್ಕರ್‌ಗಳು ಪಹಣಿ, ರೇಷನ್ ಕಾರ್ಡ್ ಇರೋ ಕವರಿನಲ್ಲೇ ಇವೆ. ಗುಂಡು 28 ಮಿ.ಮೀ. ಬಟ್ಟಲು ಪಾಲಿಥೀನ್. ಎಂಟು ವರ್ಷ ಆಯ್ತು, ಇನ್ನೂ ಕಿರ್ ಅಂದಿಲ್ಲ.