ಸ್ಪೇನಿನ ಪಿಯಾನೊ ಸಂಗೀತದಲ್ಲಿ ಫ್ಲಮೆಂಕೊ ಎಲ್ಲಿ ಕೇಳಿಸುತ್ತದೆ?

ಸ್ಪೇನಿನ ಸಂಗೀತ ರಚನಕಾರ ಅಲ್ಬೇನಿಸ್ ಅವರ ‘ಅಸ್ತೂರಿಯಸ್’ ಗಿಟಾರ್‌ಗೆ ಬರೆದದ್ದಾ, ಅದರಲ್ಲಿ ನಿಜವಾಗಿ ಫ್ಲಮೆಂಕೊ (ಹಾಡು, ಗಿಟಾರ್, ಕುಣಿತ ಸೇರಿದ ದಕ್ಷಿಣ ಸ್ಪೇನಿನ ಸಂಪ್ರದಾಯ) ಇದೆಯಾ ಎಂದು ಕೇಳಿದ್ದೀರಿ.

ಬರೆದದ್ದು ಪಿಯಾನೊಗೇ, 1890ರ ದಶಕದ ಶುರುವಿನಲ್ಲಿ. ಗಿಟಾರ್‌ಗೆ ಅದನ್ನು ಹೊಂದಿಸಿದವರು ಬೇರೆಯವರು. ಹೆಸರೂ ಅಲ್ಬೇನಿಸ್ ಇಟ್ಟದ್ದಲ್ಲ. 1909ರಲ್ಲಿ ಅವರು ತೀರಿಕೊಂಡ ಮೇಲೆ ಜರ್ಮನಿಯ ಪ್ರಕಾಶಕರು ಇಟ್ಟದ್ದು. ಅಸ್ತೂರಿಯಸ್ ಇರುವುದು ಸ್ಪೇನಿನ ಉತ್ತರದ ತುದಿಯಲ್ಲಿ. ಫ್ಲಮೆಂಕೊದ ತವರು ದಕ್ಷಿಣದ ಆಂಡಲೂಸಿಯಾ. ಹೆಸರು ನಂಬಿ ಹೊರಟರೆ ದಿಕ್ಕೇ ತಪ್ಪುತ್ತದೆ.

ಆದರೆ ಫ್ಲಮೆಂಕೊ ಇದೆ, ಜಾಸ್ತಿಯೇ ಇದೆ. ನನಗೆ ಅದು ತಿಳಿದದ್ದು ನುಡಿಸಲು ಕೂತಾಗ. ಶುರುವಿನಲ್ಲಿ ಎಡಗೈ ಒಂದು ರಾಗದ ಎಳೆ ನುಡಿಸುತ್ತದೆ. ಅದರ ಒಂದೊಂದು ಸ್ವರಕ್ಕೂ ಬಲಗೈ ಅದೇ ‘ಡಿ’ ಕೀಯನ್ನು ಮತ್ತೆ ಮತ್ತೆ ಬಡಿಯುತ್ತದೆ. ಗಿಟಾರ್‌ನವರು ಹೆಬ್ಬೆರಳಲ್ಲಿ ರಾಗ ನುಡಿಸುತ್ತಾ ಇನ್ನೊಂದು ಬೆರಳಲ್ಲಿ ಒಂದೇ ತಂತಿ ಮೀಟುತ್ತಾ ಹೋಗುತ್ತಾರಲ್ಲ, ಥೇಟ್ ಹಾಗೆ. ಮೊದಮೊದಲು ನಾನು ಪೆಡಲ್ ಒತ್ತಿ ನುಡಿಸುತ್ತಿದ್ದೆ, ಎಲ್ಲ ಕಲಸಿಹೋಗುತ್ತಿತ್ತು. ಒಂದು ದಿನ ಕಾಲು ತೆಗೆದೆ. ತಂತಿ ಮೀಟಿದ ಸದ್ದು ಬಂತು! ಆಮೇಲೆ ನಡುನಡುವೆ ಸಿಡಿಯುವ ದೊಡ್ಡ ಸ್ವರಗುಚ್ಛಗಳು. ಗಿಟಾರ್ ನುಡಿಸುವವರು ಬೆರಳುಗಳನ್ನು ಬಿಚ್ಚಿ ತಂತಿಗಳ ಮೇಲೆ ಎಳೆಯುವ ‘ರಾಸ್ಗೆಯಾದೊ’ದ ಹಾಗೆಯೇ ಅವು.

ನನಗೆ ಇನ್ನೂ ಪ್ರಿಯವಾದದ್ದು ನಡುವಿನ ಭಾಗ. ಗದ್ದಲವೆಲ್ಲ ನಿಲ್ಲುತ್ತದೆ. ಎರಡೂ ಕೈ ಒಂದೇ ರಾಗವನ್ನು ಎರಡು ಸ್ಥಾಯಿ ದೂರದಲ್ಲಿ, ಯಾವ ಆಸರೆಯೂ ಇಲ್ಲದೆ ನುಡಿಸುತ್ತವೆ. ಗಿಟಾರ್ ಸುಮ್ಮನಾಗಿ ಹಾಡುಗಾರ ಒಬ್ಬನೇ ಬಾಯಿಬಿಟ್ಟ ಹಾಗೆ.

ಸ್ವರಗಳ ವಿಷಯಕ್ಕೆ ಬಂದರೆ, ಕರ್ನಾಟಕ ಸಂಗೀತ ಕೇಳುವವರಿಗೆ ಒಂದು ದಾರಿ ಇದೆ. ಫ್ಲಮೆಂಕೊದಲ್ಲಿ ಸಾಮಾನ್ಯವಾಗಿ ಸಿಗುವುದು ತೋಡಿಯ ಸ್ವರಗಳು. ಗಾಂಧಾರವನ್ನು ಅಂತರ ಗಾಂಧಾರಕ್ಕೆ ಏರಿಸಿದರೆ ವಕುಳಾಭರಣ. ಇವೆರಡರ ನಡುವೆ ಓಡಾಟ ನಡೆಯುತ್ತಲೇ ಇರುತ್ತದೆ. ಗಮಕ ಮಾತ್ರ ಬೇರೆ, ತೋಡಿಯ ಭಾವ ಹುಡುಕಬೇಡಿ.

ತಾಳಕ್ಕೆ ಅಲ್ಬೇನಿಸ್ ಅವರದೇ ಪಿಯಾನೊ ರಚನೆಗಳ ಗುಚ್ಛ ‘ಇಬೇರಿಯಾ’ದ (1905–1908) ‘ಎಲ್ ಅಲ್ಬಾಯ್ಸಿನ್’ ಕೇಳಿ. ಆಂಡಲೂಸಿಯಾದ ಗ್ರನಾಡ ಊರಿನಲ್ಲಿ ಅಲ್ಹಂಬ್ರ ಕೋಟೆಯ ಎದುರು ಗುಡ್ಡದ ಕೇರಿಯ ಹೆಸರು ಅದು. ಫ್ಲಮೆಂಕೊದ ಬುಲೆರಿಯಾ ಎಂಬ 12 ಎಣಿಕೆಯ ತಾಳದ ನಡೆ ಈ ರಚನೆಯಲ್ಲಿದೆ. 3, 6, 8, 10, 12ಕ್ಕೆ ಒತ್ತು ಕೊಟ್ಟು ಚಪ್ಪಾಳೆ ಹಾಕಿ ನೋಡಿ, ಮೂರರ ನಡೆ ಎರಡರದಾಗುವುದು ಕೈಗೇ ಗೊತ್ತಾಗುತ್ತದೆ.

ಹಾಗಂತ ಸ್ಪೇನಿನವರು ಬರೆದದ್ದೆಲ್ಲ ಫ್ಲಮೆಂಕೊ ಅಲ್ಲ. ಇನ್ನೊಬ್ಬ ರಚನಕಾರ ಗ್ರನಾದೋಸ್ ಅವರ ಪಿಯಾನೊ ರಚನೆಗಳು ‘ಗೋಯೆಸ್ಕಾಸ್’ ಚಿತ್ರಕಾರ ಗೋಯಾನ ಕಾಲದ ಮ್ಯಾಡ್ರಿಡ್ಡಿನ ಕಡೆ ತಿರುಗಿದೆ.

ಫ್ಲಮೆಂಕೊದಲ್ಲಿ ಎಲ್ಲರಿಗಿಂತ ಆಳಕ್ಕೆ ಇಳಿದವರು ಆಂಡಲೂಸಿಯಾದ ಕಾದಿಸ್‌ನಲ್ಲಿ ಹುಟ್ಟಿದ ರಚನಕಾರ ಮಾನುಯೆಲ್ ದೆ ಫಾಯಾ. ಫ್ಲಮೆಂಕೊ ಹಾಡುಗಾರರು ಎರಡು ಸ್ವರಗಳ ನಡುವಿನ ಸಂದಿನಲ್ಲಿ ಜಾರುತ್ತಾರೆ. ಪಿಯಾನೊದಲ್ಲಿ ಆ ಜಾಗಕ್ಕೆ ಕೀಯೇ ಇಲ್ಲ. 1919ರ ‘ಫಂತಾಸಿಯಾ ಬೇತಿಕಾ’ದಲ್ಲಿ ಫಾಯಾ ಮುಖ್ಯ ಸ್ವರಕ್ಕೆ ಕೂದಲೆಳೆಯಷ್ಟು ಮುಂಚೆ ಪಕ್ಕದ ಸ್ವರವನ್ನು ಒತ್ತಿಸುತ್ತಾರೆ. ಎರಡೂ ಉಜ್ಜಿಕೊಂಡು ದನಿ ಒಡೆದ ಹಾಗೆ ಕೇಳಿಸುತ್ತದೆ. ಮೊದಲು ಯಾರಾದರೂ ಹಾಡಿದ ಒಂದು ಸೊಲೆಯಾ (ಫ್ಲಮೆಂಕೊ ಹಾಡಿನ ಒಂದು ಬಗೆ) ಕೇಳಿ, ತಕ್ಷಣ ಇದನ್ನು ಹಾಕಿ.