ಎರಡು ಕಿಲೋ ಸೂಟು ಮತ್ತು ಭಾನುವಾರದ ವಚನ

"ಸಂಪಾದಕರಿಗೆ ವಂದನೆ. ನಾನು ಕಲಬುರಗಿ ಗಂಜ್‌ನಲ್ಲಿ ರೈತರ ಕಾಳು ಮಾರಿಸಿಕೊಡುವ ಒಂದು ಅಡತಿ ಅಂಗಡಿಯ ಗುಮಾಸ್ತ. ಹದಿನಾರು ವರ್ಷ ಆಯಿತು. ತೊಗರಿ ತೂಗಿದ ಮೇಲೆ ಕ್ವಿಂಟಲ್‌ಗೆ ಎರಡು ಕಿಲೋ ಸೂಟು ಕಡಿದು, ಅಂದರೆ ಅಷ್ಟು ತೂಕಕ್ಕೆ ದುಡ್ಡು ಹಿಡಿಯದೆ, ರೈತನಿಗೆ ಪಟ್ಟಿ ಬರೆಯುವವನು ನಾನೇ. ಸೀಸನ್ ಮುಗಿದಾಗ ಮಾಲೀಕರು ನನಗೊಂದು ಚೀಲ ತೊಗರಿ ಕೊಡುತ್ತಾರೆ. ಹೋದ ಭಾನುವಾರ ಚರ್ಚಿನ ಸಭೆಯಲ್ಲಿ ಬೈಬಲಿನ ಜ್ಞಾನೋಕ್ತಿ 11ರ ಮೊದಲನೇ ವಚನ ಓದಿಸಿದರು, ಮೋಸದ ತ್ರಾಸಿನದ್ದು. ಓದಿದವನೂ ನಾನೇ. ಅವತ್ತಿನಿಂದ ಸರಿಯಾಗಿ ನಿದ್ದೆ ಇಲ್ಲ. ಪಾಸ್ಟರ್ ಪ್ರಾರ್ಥನೆ ಮಾಡಿ ಅಂದರು. ಮಕ್ಕಳಿಬ್ಬರೂ ಕಾಲೇಜಿನಲ್ಲಿದ್ದಾರೆ. ಕೆಲಸ ಬಿಡಬೇಕಾ? ಈ ಸಂಬಳದಲ್ಲಿ ಸಭೆಗೆ ಕೊಡುವ ಹತ್ತನೇ ಪಾಲು, ದಶಮಾಂಶ, ದೇವರು ಒಪ್ಪುತ್ತಾನಾ? ಹೆಸರು ಹಾಕಬೇಡಿ."
– ಓದುಗರೊಬ್ಬರು, ಕಲಬುರಗಿ

ಸಹೋದರರೇ, ವಂದನೆಗಳು.

ನಿಮ್ಮ ಕಾಗದ ಓದುವಾಗ ನನಗೆ ನಮ್ಮಪ್ಪನ ನೆನಪಾಯಿತು. ಅವರು ಭಾಲ್ಕಿ ಕಡೆಯ ರೈತ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಒಮ್ಮೆ ತೊಗರಿ ಮಾರಲು ಅವರ ಜೊತೆ ಹೋಗಿದ್ದೆ. ಮನೆಯಲ್ಲೇ ತೂಗಿಕೊಂಡು ಹೊರಟಿದ್ದರು, ಏಳು ಚೀಲ. ಅಂಗಡಿಯಲ್ಲಿ ಪಟ್ಟಿ ಕೈಗೆ ಬಂದಾಗ ತೂಕ ಕಡಿಮೆ. ಅಪ್ಪ ಏನೂ ಕೇಳಲಿಲ್ಲ. ಪಟ್ಟಿ ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟರು. ಟೋಪಿ ತೆಗೆದು ತಲೆ ಒರೆಸಿಕೊಂಡರು. ಬಸ್ಸಿನಲ್ಲಿ ನಾನು ಕೇಳಿದ್ದಕ್ಕೆ, "ವಾಪಸ್ ಒಯ್ಯಾಕ ಬಂಡಿ ಬಾಡಿಗಿ ಯಾರ್ ಕೊಡ್ತಾರ?" ಅಂದರು.

ಹೀಗಾಗಿ "ಎಲ್ಲರಿಗೂ ಗೊತ್ತಿರೋ ಪದ್ಧತಿ, ಇದರಲ್ಲಿ ಮೋಸ ಏನು ಬಂತು" ಅನ್ನೋ ಮಾತು ನನ್ನ ಹತ್ತಿರ ನಡೆಯುವುದಿಲ್ಲ. ಮಣ್ಣು, ಹೊಟ್ಟು, ತೇವ ಅಂತ ಕಾರಣ ಹೇಳುತ್ತಾರೆ. ಕಾಳು ಜರಡಿ ಹಿಡಿದು ತಂದರೂ ಸೂಟು ಅಷ್ಟೇ ಅಲ್ವಾ? ಲೆಕ್ಕ ಹಾಕಿ. ಹತ್ತು ಕ್ವಿಂಟಲ್ ತಂದವನಿಗೆ 20 ಕಿಲೋ ಹೋಯಿತು. ಕ್ವಿಂಟಲ್‌ಗೆ 7,000 ರೂಪಾಯಿ ಅಂತ ಹಿಡಿದರೂ 1,400. ಅವನ ಹೆಂಡತಿ ಬೇರೆಯವರ ಹೊಲದಲ್ಲಿ ಕಳೆ ಕಿತ್ತು ಅಷ್ಟು ದುಡಿಯಬೇಕಾದರೆ ನಾಕೈದು ದಿನ ಬೇಕು.

ಕಲ್ಲಿನ ಕಾಲದಿಂದ ಇದೇ ಕಥೆ. ಸುಮ್ನೆ ಹೇಳುತ್ತಿಲ್ಲ, ಆಗ ತೂಕಗಳೇ ಕಲ್ಲು. ಯೂದಾಯದ ಹಳೆಯ ಊರುಗಳನ್ನು ಅಗೆದಾಗ ಗುಂಡಗಿನ ಸುಣ್ಣಕಲ್ಲಿನ ತೂಕಗಳು ಸಿಕ್ಕಿವೆ. ಒಂದು ಶೆಕೆಲ್‌ನ ಕಲ್ಲು ಸುಮಾರು 11 ಗ್ರಾಂ. ವ್ಯಾಪಾರಿ ಅವನ್ನು ಚೀಲದಲ್ಲಿ ಹಾಕಿಕೊಂಡು ತಿರುಗುತ್ತಿದ್ದ. ಕೊಳ್ಳುವಾಗ ಭಾರದ ಕಲ್ಲು, ಮಾರುವಾಗ ಹಗುರದ ಕಲ್ಲು. ಧರ್ಮೋಪದೇಶಕಾಂಡ 25ರಲ್ಲಿ ಚೀಲದಲ್ಲಿ ಎರಡು ಥರದ ಕಲ್ಲು ಇರಕೂಡದು ಅಂತ ಇರುವುದು ಇದಕ್ಕೇ. ಈಗ ನಿಮ್ಮ ಅಂಗಡಿಯಲ್ಲಿ ಎಲೆಕ್ಟ್ರಾನಿಕ್ ಕಾಟಾ ಇರಬಹುದು, ಅದಕ್ಕೆ ಸರ್ಕಾರದ ಸೀಲೂ ಇರಬಹುದು. ಕಾಟಾ ಖರೆ ಹೇಳುತ್ತದೆ. ಸುಳ್ಳು ಬರುವುದು ಪಟ್ಟಿಯಲ್ಲಿ. ಅಂದರೆ ಹಳೆಯ ಕಾಲದ ಆ ಎರಡನೇ ಕಲ್ಲು ಈಗ ನಿಮ್ಮ ಪೆನ್ನು. ಕಟುವಾಯಿತೇನೋ, ಬೇಜಾರು ಮಾಡಿಕೊಳ್ಳಬೇಡಿ.

ಇನ್ನು ಕೆಲಸ ಬಿಡುವ ಮಾತು. ಲೂಕ 3ನೇ ಅಧ್ಯಾಯ ತೆಗೆಯಿರಿ. ಸ್ನಾನಿಕ ಯೋಹಾನ ಮೆತ್ತಗೆ ಮಾತಾಡುವ ಮನುಷ್ಯ ಅಲ್ಲ. ಬಂದ ಜನರನ್ನು ಸರ್ಪಜಾತಿಯವರೇ ಅಂತ ಕರೆದವನು, ಮರದ ಬುಡಕ್ಕೆ ಕೊಡಲಿ ಬಿದ್ದಿದೆ ಅಂದವನು. ಅವನ ಹತ್ತಿರ ಸುಂಕದವರು ಬಂದು "ನಾವೇನು ಮಾಡಬೇಕು" ಅಂತ ಕೇಳುತ್ತಾರೆ, ನಿಮ್ಮ ಹಾಗೇ. ಅವರು ಹೊಟ್ಟೆ ಹೊರೆಯುತ್ತಿದ್ದುದೇ ರೋಮಿನವರಿಗೆ ಕಟ್ಟಬೇಕಾದ್ದಕ್ಕಿಂತ ಜಾಸ್ತಿ ವಸೂಲಿ ಮಾಡಿ. ಸುಂಕದ ಕಟ್ಟೆ ಬಿಟ್ಟು ಅಡವಿಗೆ ಬನ್ನಿ ಅಂತ ಅವನು ಹೇಳಬಹುದಿತ್ತು. ಹೇಳಲಿಲ್ಲ. ನೇಮಕ ಆದದ್ದಕ್ಕಿಂತ ಹೆಚ್ಚು ತೆಗೆದುಕೊಳ್ಳಬೇಡಿ ಅಂದ, ಅಷ್ಟೇ. ಅದೇ ಕುರ್ಚಿಯಲ್ಲಿ ಕೂತು ಬೇರೆ ಥರ ಲೆಕ್ಕ ಬರೆಯಿರಿ ಅಂದ ಹಾಗೆ. ನನಗೆ ಕೇಳಿದರೆ ಕೆಲಸ ಬಿಡುವುದಕ್ಕಿಂತ ಇದು ಕಷ್ಟ.

ಹಾಗಾಗಿ ನಾಳೆಯೇ ರಾಜೀನಾಮೆ ಬರೆಯಬೇಡಿ. ಮಾಲೀಕರ ಹತ್ತಿರ ಮಾತಾಡಿ. ಆವಕ ಜಾಸ್ತಿ ಇರುವ ದಿನ ಬೇಡ, ಹಮಾಲರ ಮುಂದೆಯೂ ಬೇಡ. ಸಂಜೆ ಗಲ್ಲಾ ಎಣಿಸಿ ಮುಗಿದ ಮೇಲೆ, ಚಹಾ ಬಂದಾಗ. ಸೂಟು ನಿಲ್ಲಿಸಿ ಅಂತ ಶುರು ಮಾಡಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಇಷ್ಟು ಹೇಳಿ ನೋಡಿ: "ಕಾಟಾ ತೋರಿಸಿದ ತೂಕವನ್ನೇ ನಾನು ಪಟ್ಟಿಯಲ್ಲಿ ಬರೆಯುತ್ತೇನೆ. ನೀವು ಕಡಿಯುವುದಿದ್ದರೆ ಕೆಳಗೆ ಬೇರೆ ಸಾಲಿನಲ್ಲಿ ಸೂಟು ಎರಡು ಕಿಲೋ ಅಂತ ಬರೆದು ನೀವೇ ಸಹಿ ಮಾಡಿ." ಬರೆದು ಸಹಿ ಹಾಕುವ ಹೊತ್ತಿಗೆ ಎರಡು ಕಿಲೋ ಒಂದು ಕಿಲೋ ಆಗುತ್ತದೆ ಅಂತ ನನ್ನ ಲೆಕ್ಕ. ಕಾಗದದ ಮೇಲೆ ಸೂಟಿಗೆ ಜಾಗ ಇಲ್ಲ ಅಂತ ಮಾಲೀಕರಿಗೂ ಗೊತ್ತು. ಅವರು ಸುತರಾಂ ಒಪ್ಪದಿದ್ದರೆ ಬೇರೆ ಕೆಲಸ ಹುಡುಕಬೇಕು. ಆ ಹುಡುಕಾಟ ಈಗಲೇ ಶುರು ಮಾಡಿಡಿ.

ಆದರೆ ಆ ಒಂದು ಚೀಲ ತೊಗರಿ ಇದೆಯಲ್ಲ, ಅದನ್ನು ಮಾತ್ರ ಈ ವರ್ಷ ಮನೆಗೆ ತರಬೇಡಿ. ಸಂಬಳ ನಿಮ್ಮ ದುಡಿಮೆಯದು. ಚೀಲ ಸೂಟಿನದು. ಅದರಲ್ಲಿ ಯಾರ್ಯಾರ ಹೊಲದ ಕಾಳಿದೆ ಅಂತ ನಿಮಗಿಂತ ಚೆನ್ನಾಗಿ ಗೊತ್ತಿರುವವರು ಇಲ್ಲ. ನಮ್ಮ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ–ಲಕ್ಕಮ್ಮನ ಕಥೆ ಕೇಳದವರುಂಟಾ? ಬಿದ್ದ ಅಕ್ಕಿ ಆಯ್ದು ಬದುಕುತ್ತಿದ್ದ ಗಂಡ ಒಂದು ದಿನ ಎಂದಿಗಿಂತ ಜಾಸ್ತಿ ತಂದರೆ, ಹೆಂಡತಿ ಹೋಗಿ ಸುರಿದು ಬನ್ನಿ ಅಂದಳು. ಬೈಬಲಿನಲ್ಲಿ ದೇವರು ಅರಣ್ಯದಲ್ಲಿ ಕೊಟ್ಟ ಆಹಾರ, ಮನ್ನ, ಕೂಡಿಸಿದವರಿಗೂ ಇದೇ ಪಾಠ, ಬೆಳಿಗ್ಗೆವರೆಗೆ ಇಟ್ಟುಕೊಂಡದ್ದಕ್ಕೆ ಹುಳು ಬಿತ್ತು. ಮನೆಯಲ್ಲಿ ಅಕ್ಕನವರನ್ನು ಕೇಳಿ. ಬೇಳೆ ಕುದಿಸುವವರು ಅವರು. ಅವರ ಮಾತು ನನ್ನ ಈ ಉದ್ದದ ಉತ್ತರಕ್ಕಿಂತ ಚಿಕ್ಕದಿರುತ್ತದೆ.

ದಶಮಾಂಶದ ಬಗ್ಗೆ. ಮೀಕ 6ರ 8ನೇ ವಚನ ನಮ್ಮ ಎಷ್ಟೋ ಮನೆಗಳ ಗೋಡೆ ಮೇಲಿದೆ: ನ್ಯಾಯ, ಕರುಣೆ, ದೇವರ ಮುಂದೆ ನಮ್ರವಾದ ನಡೆ. ಮೂರೇ ವಚನ ಕೆಳಗೆ, 11ರಲ್ಲಿ, ಮೋಸದ ಕಲ್ಲುಗಳ ಚೀಲ ಬರುತ್ತದೆ. ಆ ವಚನದ ಕ್ಯಾಲೆಂಡರ್ ನಾನಿನ್ನೂ ನೋಡಿಲ್ಲ. ಕಾಣಿಕೆ ಕೊಡಿ, ತಪ್ಪಿಲ್ಲ. ಆದರೆ ಮತ್ತಾಯ 5ರಲ್ಲಿ ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಮೊದಲು ಸಹೋದರನ ಹತ್ತಿರ ಹೋಗು ಅಂತ ಇದೆ. ನಿಮ್ಮ ಸಭೆಯಲ್ಲೇ ತೊಗರಿ ಬೆಳೆಯುವವರು ಇದ್ದಾರಲ್ಲ? ಅವರಲ್ಲಿ ಯಾರ ಪಟ್ಟಿಯನ್ನಾದರೂ ನೀವು ಬರೆದಿದ್ದರೆ, ಮುಂದಿನ ಕರ್ತನ ಭೋಜನಕ್ಕೆ ಮುಂಚೆ ಅವರ ಮನೆಗೆ ಹೋಗಿ ಬನ್ನಿ. ಸುಂಕದವನಾಗಿದ್ದ ಜಕ್ಕಾಯನ ಹಾಗೆ ನಾಲ್ಕು ಪಾಲು ಹಿಂದಕ್ಕೆ ಕೊಡುವ ಶಕ್ತಿ ಗುಮಾಸ್ತನಿಗೆ ಇಲ್ಲ. ಹೋಗಿ ಹೇಳುವಷ್ಟು ಇದೆ.

ಪ್ರಾರ್ಥನೆ ಮಾಡಿ ಅಂದ ಪಾಸ್ಟರ್ ತಪ್ಪು ಹೇಳಲಿಲ್ಲ, ಅರ್ಧ ಹೇಳಿದರು. ತ್ರಾಸಿನ ಬಗ್ಗೆ ಪ್ರಸಂಗ ಮಾಡುವುದು ತ್ರಾಸು ಇಲ್ಲದವರಿಗೆ ಸಸ್ತಾ. ನಾಳೆ ನಿಮ್ಮ ಕೆಲಸ ಹೋದರೆ ಮಕ್ಕಳ ಫೀಸಿಗೆ ಸಭೆ ಏನು ಮಾಡುತ್ತದೆ ಅಂತ ಕಮಿಟಿಯಲ್ಲಿ ಕೇಳಿಸಿ. ಬೇಕಾದರೆ ಈ ಪುಟ ತೋರಿಸಿ.

ಇಷ್ಟೆಲ್ಲ ಬರೆದ ಮೇಲೆ ನನ್ನದೂ ಒಂದು ಹೇಳಿಬಿಡುತ್ತೇನೆ. ಈ ಪತ್ರಿಕೆ ಅಚ್ಚಾಗುವುದು 1,500 ಪ್ರತಿ. ಹಿಂಬದಿ ಪುಟದ ಜಾಹೀರಾತು ಕೊಡುವವರಿಗೆ ಮೂರು ವರ್ಷದಿಂದ 3,000 ಅಂತ ಹೇಳುತ್ತಾ ಬಂದಿದ್ದೆ. ಎಲ್ಲಾ ಪತ್ರಿಕೆಯವರೂ ಹೀಗೇ ಹೇಳುತ್ತಾರೆ ಅಂತ ಸಮಾಧಾನ ಮಾಡಿಕೊಂಡಿದ್ದೆ. ನಿಮ್ಮ ಕಾಗದ ಬಂದ ಮರುದಿನ ಫೋನ್ ಮಾಡಿ ಇದ್ದದ್ದು ಹೇಳಿದೆ. ಅವರು ಸಿಟ್ಟಾಗಲಿಲ್ಲ, ಜಾಹೀರಾತು ನಿಲ್ಲಿಸಿದರು. ಮುಂದಿನ ತಿಂಗಳಿಂದ ಹಿಂಬದಿ ಪುಟ ಖಾಲಿ. ಗಂಜ್‌ನಲ್ಲಿ ಗೊತ್ತಿರುವವರು ಯಾರಾದರೂ ಇದ್ದರೆ ಹೇಳಿ. 1,500 ಅಂತಲೇ ಹೇಳಿ.