ಬೇರೆ ಬೇರೆ ಹಿನ್ನೆಲೆಯ ಜನರನ್ನು ಸಮಾನತೆಯ ಮಾತುಕತೆಗೆ ಸೇರಿಸುವುದು ಹೇಗೆ?

ನಮಸ್ಕಾರ. ನೀವು ಕೇಳಿರುವುದು ಇಷ್ಟು. ನೀವಿರುವ ಕಡೆ ಜಾತಿ, ಧರ್ಮ, ಭಾಷೆ, ವಯಸ್ಸು, ಸಂಪಾದನೆ ಎಲ್ಲದರಲ್ಲೂ ಬೇರೆ ಬೇರೆ ಇರುವ ಜನ ಇದ್ದಾರೆ. ಯಾರೂ ಹೊರಗೆ ಉಳಿಯಬಾರದು, ಎಲ್ಲರಿಗೂ ನ್ಯಾಯವಾದ ಪಾಲು ಸಿಗಬೇಕು ಅನ್ನುವ ವಿಷಯವನ್ನು ಎಲ್ಲರೂ ಒಟ್ಟಿಗೆ ಕೂತು ಮಾತಾಡಬೇಕು ಅಂತ ನಿಮ್ಮ ಸಂಘದ ಸಮಿತಿಗೆ ಆಸೆ. ಆದರೆ ಸಭೆ ಕರೆದರೆ ಬರುವುದು ಅದೇ ಮುಖಗಳು. ಬಂದವರಲ್ಲೂ ಬಾಯಿ ಬಿಡುವುದು ಅದೇ ಮೂರು ನಾಲ್ಕು ಜನ. "ಬಾಗಿಲು ಎಲ್ಲರಿಗೂ ತೆರೆದೇ ಇದೆ, ಆದರೂ ಯಾಕೆ ಬರುತ್ತಿಲ್ಲ?" ಅಂತ ಕೇಳಿದ್ದೀರಿ.

ಇಂಥ ಮಾತುಕತೆ ನಡೆಸಿಕೊಡುವ ಕೆಲಸದಲ್ಲಿ ನಾನು ಬಹಳ ಕಾಲದಿಂದ ಇದ್ದೇನೆ. ನೇರವಾಗಿ ಹೇಳಿಬಿಡುತ್ತೇನೆ. ಯಾರು ಬರುತ್ತಿಲ್ಲವೋ ಅವರಿಗೆ ನಿಮ್ಮ ಸಭೆಯಲ್ಲಿ ತೀರ್ಮಾನ ಮಾಡುವುದಕ್ಕೆ ಏನಾದರೂ ಇದೆಯಾ ನೋಡಿ. ಇಲ್ಲ ಅಂದರೆ ಅವರು ಮನೆಯಲ್ಲೇ ಉಳಿಯುವುದು ಬುದ್ಧಿವಂತಿಕೆ. ಉಳಿದ ಎಲ್ಲ ಉಪಾಯಗಳೂ ಇದಾದ ಮೇಲೆ.

"ಅವರಿಗೆ ಆಸಕ್ತಿನೇ ಇಲ್ಲ" ಅನ್ನುವ ಮಾತು ಸಮಿತಿಗಳಲ್ಲಿ ಆಗಾಗ ಕೇಳಿಬರುತ್ತದೆ. ನನಗೆ ಆ ಮಾತು ಕೇಳಿದರೆ ಬೇಜಾರಾಗುತ್ತದೆ. ಅವರನ್ನು ಹಿಂದೆಯೂ ಎಷ್ಟೋ ಜನ ಕರೆದಿರುತ್ತಾರೆ. ಕಷ್ಟ ಹೇಳಿಸಿಕೊಂಡಿರುತ್ತಾರೆ, ಫೋಟೋ ತೆಗೆದಿರುತ್ತಾರೆ, ವರದಿಯನ್ನೂ ಬರೆದಿರುತ್ತಾರೆ. ಆಮೇಲೆ ಏನೂ ಆಗಿರುವುದಿಲ್ಲ. ಹಾಗಾಗಿ ಹೊಸದಾಗಿ ಯಾರೋ ಬಂದು "ನಿಮ್ಮ ಮಾತು ನಮಗೆ ಮುಖ್ಯ" ಅಂದರೆ ಅವರು ನಂಬುವುದಾದರೂ ಹೇಗೆ?

1969ರಲ್ಲಿ ಅಮೆರಿಕದ ಶೆರ್ರಿ ಆರ್ನ್‌ಸ್ಟೈನ್ ಜನರ ಪಾಲ್ಗೊಳ್ಳುವಿಕೆಯನ್ನು 8 ಮೆಟ್ಟಿಲಿನ ಏಣಿಯಾಗಿ ವಿವರಿಸಿದರು. ಕೆಳಗಿನ ಎರಡು ಮೆಟ್ಟಿಲಲ್ಲಿ ಜನರನ್ನು ಹೇಗಾದರೂ ಒಪ್ಪಿಸುವುದಷ್ಟೇ ಉದ್ದೇಶ. ನಡುವಿನ ಮೂರರಲ್ಲಿ ಮಾಹಿತಿ ಕೊಡುತ್ತಾರೆ, ಅಭಿಪ್ರಾಯ ಕೇಳುತ್ತಾರೆ, ಸಮಾಧಾನಕ್ಕೆ ಒಂದಿಬ್ಬರನ್ನು ಸಮಿತಿಗೆ ಸೇರಿಸಿಕೊಳ್ಳುತ್ತಾರೆ. ಕೊನೆಯ ಮಾತು ಮಾತ್ರ ಮೊದಲಿನಿಂದ ಅಧಿಕಾರದಲ್ಲಿ ಇದ್ದವರದ್ದೇ. ಮೇಲಿನ ಮೂರು ಮೆಟ್ಟಿಲಲ್ಲಷ್ಟೇ ಅಧಿಕಾರ ನಿಜವಾಗಿ ಕೈ ಬದಲಾಯಿಸುತ್ತದೆ. ನಿಮ್ಮ ಸಭೆ ಎಷ್ಟನೇ ಮೆಟ್ಟಿಲಲ್ಲಿದೆ ಅಂತ ಸಮಿತಿಯವರೇ ಕೂತು ಪ್ರಾಮಾಣಿಕವಾಗಿ ಗುರುತು ಹಾಕಿ. ಮೂರನೆಯದೋ ನಾಲ್ಕನೆಯದೋ ಆಗಿದ್ದರೆ ಜನರಿಗೂ ಹಾಗೆಂದೇ ಹೇಳಿ. ಅಭಿಪ್ರಾಯ ಕೇಳುವುದು ಪಾಪವೇನಲ್ಲ. ಅಭಿಪ್ರಾಯವನ್ನಷ್ಟೇ ಕೇಳಿಕೊಂಡು, ತೀರ್ಮಾನವೂ ಜನರದ್ದೇ ಅಂತ ಅವರನ್ನು ನಂಬಿಸಬಾರದು.

ಈಗ ಕೆಲಸಕ್ಕೆ ಬರೋಣ. ಸಭೆ ಕರೆಯುವ ಮೊದಲು ನೀವು ಅವರಿರುವ ಕಡೆ ಹೋಗಿ. ಒಬ್ಬೊಬ್ಬರನ್ನೇ ಅಥವಾ ಇಬ್ಬಿಬ್ಬರನ್ನು ಮಾತಾಡಿಸಿ. ಕರಪತ್ರ ಕೊಡಬೇಡಿ, ನಿಮ್ಮ ಯೋಜನೆ ವಿವರಿಸಬೇಡಿ. "ಇಲ್ಲಿ ನಿಮಗೆ ಯಾವುದು ಅನ್ಯಾಯ ಅನ್ನಿಸುತ್ತದೆ? ಅದನ್ನು ಯಾರ ಮುಂದೆ ಹೇಳಲು ಧೈರ್ಯ ಬರುತ್ತದೆ, ಯಾರ ಮುಂದೆ ಬರುವುದಿಲ್ಲ?" ಅಂತ ಕೇಳಿ ಸುಮ್ನೆ ಕೇಳಿಸಿಕೊಳ್ಳಿ. ಈ ಎರಡನೇ ಪ್ರಶ್ನೆ ಬಹಳ ದೊಡ್ಡದು. ಯಾರ ಮುಂದೆ ಧೈರ್ಯ ಬರುವುದಿಲ್ಲ ಅಂದರೋ ಆ ಮನುಷ್ಯನೇ ನಿಮ್ಮ ಸಭೆಯ ಅಧ್ಯಕ್ಷನಾಗಿದ್ದರೆ ನಿಮ್ಮ ಪ್ರಶ್ನೆಗೆ ಅಲ್ಲೇ ಉತ್ತರ ಸಿಕ್ಕಿತು, ಅಲ್ವಾ?

ಜಾಗ, ಹೊತ್ತು, ಭಾಷೆ ಮೂರನ್ನೂ ಅವರೇ ಹೇಳಲಿ. ದಿನಗೂಲಿಯವರಿಗೆ ಹಗಲಿನ ಸಭೆ ಅಂದರೆ ಆ ದಿನದ ಸಂಪಾದನೆ ಹೋದಂತೆ. ಚಿಕ್ಕ ಮಕ್ಕಳಿರುವ ತಾಯಿಗೆ ಮಕ್ಕಳನ್ನು ನೋಡಿಕೊಳ್ಳುವವರು ಬೇಕು. ಮೆಟ್ಟಿಲು ಹತ್ತಿ ಹೋಗಬೇಕಾದ ಸಭಾಂಗಣಕ್ಕೆ ವೀಲ್‌ಚೇರಿನಲ್ಲಿ ಬರುವವರು ಬರಲಾರರು. ಹಿಂದೊಮ್ಮೆ ಅವಮಾನ ಮಾಡಿ ಕಳಿಸಿದ ಕಟ್ಟಡಕ್ಕೆ ಮತ್ತೆ ಕಾಲಿಡು ಅಂದರೆ ಯಾರಿಗೂ ಮನಸ್ಸು ಬರುವುದಿಲ್ಲ. ಹಣದ ಮಾತು ಆಡಲು ಸಂಕೋಚ ಪಡಬೇಡಿ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 2004ರಲ್ಲಿ ಚುನಾವಣಾ ಪದ್ಧತಿ ಬದಲಿಸಬೇಕೇ ಅಂತ ಚರ್ಚಿಸಲು ಸಾಮಾನ್ಯ ನಾಗರಿಕರ ಸಭೆ ಮಾಡಿದ್ದರು. 79 ಕ್ಷೇತ್ರಗಳಿಂದ ತಲಾ ಒಬ್ಬ ಗಂಡಸು, ಒಬ್ಬ ಹೆಂಗಸನ್ನು ಚೀಟಿ ಎತ್ತಿದ ಹಾಗೆ ಆರಿಸಿದರು. ಮೂಲನಿವಾಸಿಗಳ ದನಿಯೂ ಇರಲೇಬೇಕು ಅಂತ ಇನ್ನಿಬ್ಬರನ್ನು ಸೇರಿಸಿದರು. ಎಲ್ಲರಿಗೂ ಸಭೆಯ ದಿನಗಳಿಗೆ ಗೌರವಧನ ಕೊಟ್ಟರು. ಅಷ್ಟು ದೊಡ್ಡ ವ್ಯವಸ್ಥೆ ನಿಮ್ಮಿಂದ ಆಗಲಿಕ್ಕಿಲ್ಲ. ಆದರೂ ಸಭೆಯ ಸಂಚಾಲಕರಿಗೆ ಸಂಬಳ ಇದ್ದು, ತಮ್ಮ ಬದುಕಿನ ನೋವನ್ನು ಹೇಳಲು ಬರುವವರು ಕೈಯಿಂದ ಖರ್ಚು ಮಾಡಿಕೊಂಡು ಬರಬೇಕು ಅನ್ನುವುದು ನ್ಯಾಯವಲ್ಲ.

ಇನ್ನೊಂದು ವಿಷಯ. ಯಾವ ಗುಂಪಿನಿಂದಲೂ ಒಬ್ಬರನ್ನೇ ಕರೆಯಬೇಡಿ. ಒಬ್ಬರೇ ಇದ್ದರೆ ಅವರು ಇಡೀ ಸಮುದಾಯದ ವಕೀಲರಾಗಿಬಿಡುತ್ತಾರೆ. ತಾವು ಆಡುವ ಪ್ರತಿ ಮಾತನ್ನೂ ತೂಗಿ ಆಡಬೇಕಾಗುತ್ತದೆ. ಮೂರು ನಾಲ್ಕು ಜನ ಇದ್ದರೆ ಅವರವರಲ್ಲೇ ಭಿನ್ನಾಭಿಪ್ರಾಯ ಇರುವುದು ಉಳಿದವರಿಗೆ ಕಾಣುತ್ತದೆ, ಅದೂ ಒಂದು ಪಾಠವೇ. ಒಟ್ಟಿಗೆ ಕೂರುವ ಮೊದಲು ಅವರು ತಮ್ಮತಮ್ಮಲ್ಲೇ ಒಂದು ಸಲ ಸೇರಿ ಮಾತಾಡಿಕೊಳ್ಳಲು ಅವಕಾಶ ಕೊಡಿ. "ಇದು ಒಡೆಯುವ ಕೆಲಸ" ಅಂತ ಯಾರಾದರೂ ಆಕ್ಷೇಪ ಎತ್ತುತ್ತಾರೆ. ಎತ್ತಲಿ. ಬಲ ಇರುವವರು ದಿನಾ ತಮ್ಮತಮ್ಮಲ್ಲೇ ಸೇರಿ ಮಾತಾಡಿಕೊಳ್ಳುತ್ತಾರೆ, ಅದಕ್ಕೆ ಯಾರೂ ಆಕ್ಷೇಪ ಎತ್ತುವುದಿಲ್ಲ.

ಸುಮ್ಮನೆ ಒಟ್ಟಿಗೆ ಕೂರಿಸಿದರೆ ಮನಸ್ಸು ಬದಲಾಗುತ್ತದಾ? ಈ ಬಗ್ಗೆ ಬಹಳ ಕೆಲಸ ನಡೆದಿದೆ. ಗಾರ್ಡನ್ ಆಲ್‌ಪೋರ್ಟ್ ಎಂಬ ಮನಶ್ಶಾಸ್ತ್ರಜ್ಞ 1954ರಲ್ಲೇ ನಾಲ್ಕು ಷರತ್ತು ಹೇಳಿದ್ದರು: ಸೇರಿದಲ್ಲಿ ಎಲ್ಲರಿಗೂ ಸಮಾನ ಸ್ಥಾನ ಇರಬೇಕು, ಗುರಿ ಒಂದೇ ಇರಬೇಕು, ಅದನ್ನು ಮುಟ್ಟಲು ಪೈಪೋಟಿ ಬಿಟ್ಟು ಕೈಜೋಡಿಸಬೇಕು, ಕಾನೂನಿನ ಅಥವಾ ಆಡಳಿತದ ಬೆಂಬಲ ಇರಬೇಕು. ಅದೇ ವರ್ಷ ಮುಜಫರ್ ಶೆರಿಫ್ ಎಂಬ ಇನ್ನೊಬ್ಬ ಮನಶ್ಶಾಸ್ತ್ರಜ್ಞ ಅಮೆರಿಕದ ಓಕ್ಲಹಾಮಾದ ಒಂದು ಬೇಸಿಗೆ ಶಿಬಿರದಲ್ಲಿ ಹುಡುಗರ ಎರಡು ಗುಂಪು ಮಾಡಿ ಪರೀಕ್ಷಿಸಿದರು. ಜಗಳವಾಡಿದ್ದ ಗುಂಪುಗಳನ್ನು ಒಟ್ಟಿಗೆ ಊಟಕ್ಕೆ ಕೂರಿಸಿದಾಗ ಜಗಳ ಊಟದ ಕೋಣೆಗೂ ಬಂತು. ಶಿಬಿರದ ನೀರು ನಿಂತುಹೋದಾಗ, ಅದನ್ನು ಎಲ್ಲರೂ ಸೇರಿ ಸರಿಮಾಡಬೇಕಾಗಿ ಬಂದಾಗ, ಹಗೆ ಸಡಿಲವಾಗತೊಡಗಿತು. (ಮಕ್ಕಳಿಗೆ ತಿಳಿಸದೆ ಅವರಲ್ಲಿ ಹಗೆ ಹುಟ್ಟಿಸಿದ ಆ ಪ್ರಯೋಗ ನನಗೆ ಸರಿ ಅನ್ನಿಸುವುದಿಲ್ಲ. ಅದರಿಂದ ಗೊತ್ತಾದದ್ದನ್ನಷ್ಟೇ ಹೇಳುತ್ತಿದ್ದೇನೆ.) 2006ರಲ್ಲಿ ಥಾಮಸ್ ಪೆಟ್ಟಿಗ್ರೂ ಮತ್ತು ಲಿಂಡಾ ಟ್ರಾಪ್ 515 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಬೇರೆ ಗುಂಪಿನವರ ಒಡನಾಟ ಒಟ್ಟಾರೆ ಪೂರ್ವಗ್ರಹವನ್ನು ಕಡಿಮೆ ಮಾಡುತ್ತದೆ, ಆಲ್‌ಪೋರ್ಟ್ ಹೇಳಿದ ಷರತ್ತುಗಳು ಇದ್ದರೆ ಇನ್ನೂ ಜಾಸ್ತಿ ಕಡಿಮೆ ಮಾಡುತ್ತದೆ ಅಂತ ಕಂಡಿತು.

ಇಲ್ಲಿಗೇ ನಿಂತರೆ ಖುಷಿಪಡಬಹುದಿತ್ತು. ಆದರೆ 2009ರಲ್ಲಿ ತಮಾರ್ ಸಾಗಿ ಮತ್ತು ಜೊತೆಗಾರರು ಪ್ರಕಟಿಸಿದ ಒಂದು ಅಧ್ಯಯನ ಇದೆ. ನನ್ನ ಕೆಲಸದ ರೀತಿಯನ್ನು ತಿದ್ದಿದ್ದು ಅದೇ. ಪ್ರಯೋಗದಲ್ಲಿ ಜನರನ್ನು ಎರಡು ಗುಂಪು ಮಾಡಿ, ಎರಡೂ ಗುಂಪಿಗೆ ಸೇರಬೇಕಾದ ಪಾಲನ್ನು ಹಂಚುವ ಅಧಿಕಾರವನ್ನು ಒಂದು ಗುಂಪಿಗೆ ಮಾತ್ರ ಕೊಟ್ಟರು. ಹಂಚುವ ಮೊದಲು ಎರಡೂ ಗುಂಪಿನವರು ಮಾತಾಡಿಕೊಂಡರು. ಕೆಲವರಿಗೆ "ನಿಮ್ಮಿಬ್ಬರಲ್ಲಿ ಸಮಾನವಾಗಿ ಇರುವುದನ್ನು ಮಾತಾಡಿ" ಅಂದರು, ಕೆಲವರಿಗೆ "ವ್ಯತ್ಯಾಸಗಳನ್ನು ಮಾತಾಡಿ" ಅಂದರು. ಸಮಾನವಾಗಿ ಇರುವುದನ್ನು ಮಾತಾಡಿದವರಲ್ಲಿ ಪ್ರೀತಿ ವಿಶ್ವಾಸ ಬೆಳೆಯಿತು. ಅಧಿಕಾರ ಇಲ್ಲದ ಗುಂಪಿನವರು "ಇವರು ನಮಗೆ ನ್ಯಾಯವಾಗಿ ಹಂಚುತ್ತಾರೆ" ಅಂತ ನಂಬಿದರು. ಹಂಚುವಾಗ ಮಾತ್ರ ಅಧಿಕಾರ ಇದ್ದವರು ತಮ್ಮ ಗುಂಪಿನ ಕಡೆಗೇ ವಾಲಿದರು.

ಅಂದರೆ ನಗುನಗುತ್ತಾ ಮುಗಿದ ಸಭೆ ಒಳ್ಳೆಯ ಸಭೆ ಆಗಿರಲೇಬೇಕಿಲ್ಲ. "ನಾವೆಲ್ಲ ಒಂದೇ" ಅಂತ ಹೇಳಿಕೊಂಡು ಮನೆಗೆ ಹೋದರೆ, ಪಾಲು ಕಡಿಮೆ ಸಿಗುತ್ತಿರುವವರ ನ್ಯಾಯದ ಕೂಗು ಇನ್ನಷ್ಟು ತಗ್ಗಬಹುದು. ಸ್ನೇಹ ಬೆಳೆಯಲಿ, ನನಗೂ ಅದೇ ಇಷ್ಟ. ಅದರ ಜೊತೆಗೆ ಯಾರಿಗೆ ಏನು ಸಿಗುತ್ತಿದೆ, ಯಾರಿಗೆ ಸಿಗುತ್ತಿಲ್ಲ ಅನ್ನುವುದು ಅದೇ ಸಭೆಯಲ್ಲಿ ಮೇಜಿನ ಮೇಲೆ ಬರಬೇಕು.

ಸಭೆಯೊಳಗೆ ಮಾತು ಹೇಗೆ ನಡೆಯಬೇಕು? ಅಭಿಪ್ರಾಯದಿಂದ ಶುರುಮಾಡಬೇಡಿ. "ಮೀಸಲಾತಿ ಇರಬೇಕೇ, ಬೇಡವೇ" ಅಂತ ಕೇಳಿದರೆ ಎಲ್ಲರೂ ಮೊದಲೇ ಬಾಯಿಪಾಠ ಆಗಿರುವ ಉತ್ತರ ಹೇಳುತ್ತಾರೆ. "ನೀವು ಇಲ್ಲಿಯವರಲ್ಲ ಅಂತ ನಿಮಗೆ ಅನ್ನಿಸಿದ್ದು ಯಾವಾಗ?" ಅಂತ ಕೇಳಿದರೆ ಬಾಯಿಪಾಠದ ಉತ್ತರ ಇರುವುದಿಲ್ಲ. ಮೊದಲು ಇಬ್ಬಿಬ್ಬರಾಗಿ ಮಾತಾಡಲಿ, ಆಮೇಲೆ ಸುತ್ತಿನಲ್ಲಿ ಒಬ್ಬೊಬ್ಬರಾಗಿ. ಒಬ್ಬರು ಮಾತಾಡುವಾಗ ಉಳಿದವರು ಉತ್ತರ ಕೊಡುವಂತಿಲ್ಲ. "ನಾನು ಈಗ ಹೇಳುವುದಿಲ್ಲ" ಅನ್ನುವುದಕ್ಕೂ ಅವಕಾಶ ಇರಲಿ. ನೋವು ಉಂಡವರು ಅದನ್ನು ಬಿಚ್ಚಿ ತೋರಿಸಲೇಬೇಕು ಅನ್ನುವ ಒತ್ತಡ ಬೇಡ. ಉಳಿದವರಿಗೆ ಪಾಠ ಕಲಿಸುವುದು ಅವರ ಕರ್ತವ್ಯ ಅಲ್ಲ. "ನನ್ನ ಬದುಕಿನಲ್ಲಿ ನಾನು ಯಾವತ್ತೂ ಯೋಚನೆ ಮಾಡಬೇಕಾಗಿ ಬರದ ತೊಂದರೆ ಯಾವುದು?" ಅನ್ನುವ ಪ್ರಶ್ನೆಯನ್ನು ಅನುಕೂಲಸ್ಥರಿಗೆ ಕೇಳಿ. ಆ ಪ್ರಶ್ನೆ ಕೇಳಿದ ಮೇಲೆ ಕೋಣೆಯಲ್ಲಿ ಮಾತಿನ ಧಾಟಿಯೇ ಬದಲಾಗುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

"ಎಲ್ಲರಿಗೂ ಎರಡೆರಡು ನಿಮಿಷ, ಅದೇ ಸಮಾನತೆ" ಅಂತ ಯಾರಾದರೂ ಹೇಳಿಯಾರು. ಸನ್ನೆ ಭಾಷೆಯಲ್ಲಿ ಮಾತಾಡುವವರಿಗೆ, ದುಭಾಷಿಯ ಮೂಲಕ ಮಾತಾಡುವವರಿಗೆ ಅದೇ ಎರಡು ನಿಮಿಷ ಕೊಟ್ಟರೆ ಅವರ ಪಾಲಿಗೆ ಅರ್ಧ ಮಾತೂ ದಕ್ಕುವುದಿಲ್ಲ. ಅವರಿಗೆ ನಾಲ್ಕು ನಿಮಿಷ ಕೊಡಿ, ಯಾಕೆ ಕೊಡುತ್ತಿದ್ದೀರಿ ಅಂತ ಎಲ್ಲರ ಎದುರಿಗೇ ಹೇಳಿ. ಉದ್ದ ಭಾಷಣ ಮಾಡಿ ವಿವರಿಸುವುದಕ್ಕಿಂತ ಇದು ಬೇಗ ಅರ್ಥವಾಗುತ್ತದೆ.

ನೋಯಿಸುವ ಮಾತು ಬಂದೇ ಬರುತ್ತದೆ. ಆಗ ಸಭೆ ನಡೆಸುವವರು ಸುಮ್ಮನಿರಬಾರದು, ಉತ್ತರ ಕೊಡುವ ಹೊರೆಯನ್ನು ನೊಂದವರ ತಲೆಗೂ ಕಟ್ಟಬಾರದು. ಅಲ್ಲೇ ಮಾತು ನಿಲ್ಲಿಸಿ, "ಈ ಮಾತು ಇಲ್ಲಿ ಕೂತಿರುವ ಕೆಲವರಿಗೆ ಪೆಟ್ಟು ಕೊಡುತ್ತದೆ. ನಿಮ್ಮ ಅನುಭವ ಏನು ಅಂತ ಬೇರೆ ಮಾತಲ್ಲಿ ಹೇಳುತ್ತೀರಾ?" ಅಂತ ಕೇಳಿ. ಹೆಚ್ಚಿನವರು ತಿದ್ದಿಕೊಳ್ಳುತ್ತಾರೆ. "ನನ್ನ ಉದ್ದೇಶ ಕೆಟ್ಟದ್ದಿರಲಿಲ್ಲ" ಅನ್ನುತ್ತಾರೆ, ಅದು ನಿಜವೂ ಇರಬಹುದು. ಆದರೂ ಪೆಟ್ಟು ಬಿದ್ದಿದೆ ಅನ್ನುವುದನ್ನು ಮೊದಲು ಒಪ್ಪಿಕೊಳ್ಳಬೇಕು. ಬೇಕಂತಲೇ ಮತ್ತೆ ಮತ್ತೆ ಹಾಗೇ ಮಾತಾಡುವವರನ್ನು ಹೊರಗೆ ಕಳಿಸಲು ಹಿಂಜರಿಯಬೇಡಿ. ಎಲ್ಲರನ್ನೂ ಒಳಗೆ ಇಟ್ಟುಕೊಳ್ಳುತ್ತೇವೆ ಅಂತ ಒಬ್ಬರ ದಬ್ಬಾಳಿಕೆಯನ್ನು ಸಹಿಸಿಕೊಂಡರೆ ಹತ್ತು ಜನ ಸದ್ದಿಲ್ಲದೆ ಎದ್ದು ಹೋಗುತ್ತಾರೆ, ಮತ್ತೆ ಬರುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಮೂಲ ನಿಲುವು ಬದಲಾಗದೇ ಇರಬಹುದು. ಅದಕ್ಕೆ ಎದೆಗುಂದಬೇಡಿ. 1994ರ ಡಿಸೆಂಬರಿನಲ್ಲಿ ಅಮೆರಿಕದ ಬಾಸ್ಟನ್ ಪಕ್ಕದ ಬ್ರೂಕ್‌ಲೈನಿನಲ್ಲಿ ಗರ್ಭಪಾತದ ಎರಡು ಕ್ಲಿನಿಕ್‌ಗಳ ಮೇಲೆ ಗುಂಡಿನ ದಾಳಿ ನಡೆದು ಇಬ್ಬರು ಹೆಣ್ಣುಮಕ್ಕಳು ಸತ್ತರು. ಆಮೇಲೆ ಪರ ಮತ್ತು ವಿರೋಧ ಎರಡೂ ಕಡೆಯ ಮೂವರು ಮೂವರು ಮಹಿಳಾ ನಾಯಕರು ಗುಟ್ಟಾಗಿ ಸೇರತೊಡಗಿದರು. ಸುಮಾರು ಆರು ವರ್ಷ ಹಾಗೇ ನಡೆಸಿ, 2001ರಲ್ಲಿ ಪತ್ರಿಕೆಯೊಂದರಲ್ಲಿ ಒಟ್ಟಿಗೆ ಬರೆದರು. ಯಾರೂ ತಮ್ಮ ನಂಬಿಕೆ ಬಿಟ್ಟುಕೊಟ್ಟಿರಲಿಲ್ಲ. ಆದರೆ ಎದುರಿನವರನ್ನು ಅವರು ಒಪ್ಪುವ ಹೆಸರಿನಿಂದಲೇ ಕರೆಯುವುದನ್ನು, ಕೆರಳಿಸುವ ಮಾತುಗಳನ್ನು ಬಿಡುವುದನ್ನು ಕಲಿತಿದ್ದರು. ಅದಕ್ಕೆ ಅಷ್ಟು ಕಾಲ ಬೇಕಾಯಿತು. ನಿಮ್ಮ ಒಂದು ಭಾನುವಾರದ ಸಭೆಯ ಮೇಲೆ ಜಾಸ್ತಿ ಭಾರ ಹೇರಬೇಡಿ.

ಕೊನೆಯದಾಗಿ ಮತ್ತೆ ತೀರ್ಮಾನದ ವಿಷಯ. ಬ್ರೆಜಿಲ್‌ನ ಪೋರ್ತೊ ಅಲೆಗ್ರೆ ನಗರದಲ್ಲಿ 1989ರಿಂದ ನಗರಸಭೆಯ ಬಂಡವಾಳ ವೆಚ್ಚದ (ರಸ್ತೆ, ಚರಂಡಿಯಂಥ ಕೆಲಸಗಳಿಗೆ ಇಟ್ಟ ಹಣದ) ಒಂದು ಭಾಗ ಎಲ್ಲಿಗೆ ಹೋಗಬೇಕು ಅಂತ ನಿವಾಸಿಗಳೇ ಸೇರಿ ನಿರ್ಧರಿಸುವ ಪದ್ಧತಿ ಬಂತು. ಸೌಕರ್ಯ ಕಡಿಮೆ ಇರುವ ಬಡಾವಣೆಗೆ ಹಂಚಿಕೆಯಲ್ಲಿ ಹೆಚ್ಚು ತೂಕ ಇತ್ತು. ಅಲ್ಲಿನ ಸಭೆಗಳಿಗೆ ಬಡವರು ದೊಡ್ಡ ಸಂಖ್ಯೆಯಲ್ಲಿ ಬಂದರು, ಯಾಕಂದರೆ ಮಾತಾಡಿದರೆ ಚರಂಡಿ, ರಸ್ತೆ ನಿಜವಾಗಿ ಆಗುತ್ತಿತ್ತು. ಮುಂದೆ ಆಡಳಿತ ಬದಲಾದಾಗ ಆ ಪದ್ಧತಿಯ ಬಲ ಕುಗ್ಗಿತು. ಆದ್ದರಿಂದ ಜನರಿಗೆ ಒಪ್ಪಿಸಿದ ಅಧಿಕಾರವನ್ನು ಬರವಣಿಗೆಯಲ್ಲಿ, ನಿಮ್ಮ ಸಂಘದ ನಿಯಮಾವಳಿಯಲ್ಲೇ ಸೇರಿಸಿ. ಒಳ್ಳೆಯ ಕಾರ್ಯದರ್ಶಿ ಇರುವವರೆಗೆ ಮಾತ್ರ ನಡೆಯುವ ವ್ಯವಸ್ಥೆ ಆಗಬಾರದು.

ನಿಮ್ಮ ಕೈಯಲ್ಲಿ ಇರುವುದು ಚಿಕ್ಕದೇ ಇರಲಿ. ಸಂಘದ ಖರ್ಚಿನ ಒಂದು ಪಾಲು, ಆಟದ ಮೈದಾನ ಯಾವ ಹೊತ್ತು ಯಾರಿಗೆ ಅನ್ನುವುದು, ಸಮಿತಿಯ ಎರಡು ಸ್ಥಾನ. ಇವುಗಳಲ್ಲಿ ಯಾವುದನ್ನು ಸಭೆಯ ತೀರ್ಮಾನಕ್ಕೆ ಬಿಟ್ಟುಕೊಡುತ್ತೀರಿ ಅಂತ ಈ ವಾರವೇ ಸಮಿತಿಯಲ್ಲಿ ಕೂತು ನಿರ್ಧರಿಸಿ. ಬಿಟ್ಟುಕೊಡಲು ಒಪ್ಪಿದರೆ ಅದನ್ನು ಹೇಳಿಕೊಂಡೇ ಜನರ ಮನೆಗೆ ಹೋಗಿ. ಸಭೆ ಆದ ಮೇಲೆ ಯಾವ ಮಾತು ಜಾರಿಗೆ ಬಂತು, ಯಾವುದು ಬರಲಿಲ್ಲ, ಯಾಕೆ ಬರಲಿಲ್ಲ ಅಂತ ಅವರ ಮನೆಗೇ ಹೋಗಿ ತಿಳಿಸಿ. ಯಾವುದನ್ನೂ ಬಿಟ್ಟುಕೊಡಲು ಸಮಿತಿ ಒಪ್ಪದಿದ್ದರೆ ಮುಂದಿನ ಸಭೆಯನ್ನು ನಿಲ್ಲಿಸಿ, ಮೊದಲು ಸಮಿತಿಯವರ ಜೊತೆಗೇ ಈ ಮಾತುಕತೆ ಶುರುಮಾಡಿ.